ಮುಳ್ಳಯ್ಯನಗಿರಿಗೆ ಹೊರಡುವ ಮುನ್ನ

ಚಿಕ್ಕಮಗಳೂರಿನ ಉತ್ತರಕ್ಕೆ ಬಾಗಿ ನಿಂತಿರುವ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಮುಳ್ಳಯ್ಯನಗಿರಿಯು ಎಲ್ಲಕ್ಕಿಂತ ಎತ್ತರವಾದುದು. ಅದರ ಔನ್ನತ್ಯವು ಸಮುದ್ರಮಟ್ಟದಿಂದ ಸುಮಾರು 1930 ಮೀಟರು; ಕರ್ನಾಟಕದಲ್ಲಿ ಇದನ್ನು ಮೀರಿದ ಶಿಖರವಿಲ್ಲ. ಆದರೂ ಹಿಮಾಲಯವನ್ನು ಕಂಡುಬಂದವರು ಇದನ್ನು ಗುಡ್ಡವೆಂದೇ ಕರೆದಾರು. ಅದರಲ್ಲಿ ತಪ್ಪೇನೂ ಇಲ್ಲ. ಸರ್ಪದಾರಿಯೆಂಬ ಕಾಲುದಾರಿಯಿಂದ ಏರತಕ್ಕವರು ಒಂದು ಬೆಳಗಿನೊಳಗೆ ಹತ್ತಿ ಇಳಿಯಬಹುದು. ಅಷ್ಟು ನಡೆಯಲಾರದವರಿಗೆ ಶಿಖರದ ಸಮೀಪದವರೆಗೆ ವಾಹನಮಾರ್ಗವೂ, ಅಲ್ಲಿಂದ ಮುಂದೆ ಗುಡಿಯವರೆಗೆ ಮೆಟ್ಟಿಲುಗಳೂ ಉಂಟು. ಹೀಗೆ ಸುಲಭವಾಗಿರುವುದರಿಂದಲೇ ಜನರು ಮಕ್ಕಳುಮರಿಗಳೊಡನೆ, ತೆಳುವಾದ ಬಟ್ಟೆಯುಟ್ಟು, ಆಕಾಶದ ಕಡೆಗೆ ಕಣ್ಣೆತ್ತಿಯೂ ನೋಡದೆ ಹೊರಟುಬಿಡುತ್ತಾರೆ.

ಊರಿನಲ್ಲಿ ಬಿಸಿಲಿದ್ದರೆ ಗಿರಿಯ ಮೇಲೂ ಬಿಸಿಲಿರಬೇಕೆಂಬ ನಿಯಮವಿಲ್ಲ. ಚಿಕ್ಕಮಗಳೂರು ಸುಮಾರು 1090 ಮೀಟರ್ ಎತ್ತರದಲ್ಲಿದೆ. ಶಿಖರವು ಅದಕ್ಕಿಂತ 840 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದಂತೆಲ್ಲ ಉಷ್ಣತೆಯು ಸಾಧಾರಣವಾಗಿ ಆರೂವರೆ ಡಿಗ್ರಿಯಷ್ಟು ಇಳಿಯುವುದರಿಂದ, ಕೆಳಗೆ 20 ಡಿಗ್ರಿ ಇದ್ದಾಗ ಮೇಲೆ 14 ಅಥವಾ 15 ಇರುವುದು ಸಹಜ. ಅದರ ಮೇಲೆ ಗಾಳಿಯೊಂದು. ಶಿಖರವೆಲ್ಲ ಬರಿಯ ಹುಲ್ಲು. ಕಾಡು ಕಣಿವೆಗಳ ಮಡಿಲಿನಲ್ಲಿ ಅಡಗಿದೆ. ಬೀಸುವ ಗಾಳಿಗೆ ತಡೆಯೆಂಬುದೇ ಇಲ್ಲ. ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವ ವಾಯುವು ಬೆಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗಿ ಅಲ್ಲಿಯೇ ಮೋಡವಾಗುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಗಿರಿಯು ಹೊದ್ದ ಬಿಳಿಯ ಶಾಲು. ಒಳಗಿರುವವರಿಗೆ ಹತ್ತು ಮಾರು ದೂರ ಕಾಣದ ಮಂಜು, ಜಿನುಗುಮಳೆ, ಜಾರುವ ಕಲ್ಲು. ಪಡುವಣ ಕಡೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವಾಗ, ಮೂಡಲಲ್ಲಿರುವ ಚಿಕ್ಕಮಗಳೂರು ನಗರಕ್ಕೆ ಅದರ ಕಾಲುಭಾಗವೂ ದೊರೆಯದು. ಆದುದರಿಂದ ನಗರದ ಹವೆಯನ್ನು ಕೇಳಿ ತಿಳಿದವರು ಗಿರಿಯ ಹವೆಯನ್ನು ತಿಳಿದಂತಾಗಲಿಲ್ಲ.

ಕೇಳುವುದಾದರೂ ಯಾರನ್ನು? ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗಳು ಗರ್ಭ ಧರಿಸಿದ 195 ದಿನಗಳಿಗೆ ಮಳೆಯು ಪ್ರಸವವಾಗುವುದೆಂದು ಲೆಕ್ಕವಿಟ್ಟನು. ಆ ಗ್ರಂಥದಲ್ಲಿ ನಮಗೆ ಬಹಳ ಗೌರವವಿದೆ. ಆದರೆ ನಾಳೆಯ ಮಧ್ಯಾಹ್ನಕ್ಕೆ ಅದನ್ನು ನೆಚ್ಚಿ ಮಕ್ಕಳನ್ನು ಕರೆದೊಯ್ಯಲಾರೆವು. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯು ಜಿಲ್ಲೆ ಜಿಲ್ಲೆಗೂ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ದಿನವೊಂದಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ ಎಂಬುದು ಅದರ ಪರಿಭಾಷೆ. ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆಯಿದ್ದ ದಿನ ಗಿರಿಯ ಮಾತನ್ನೇ ಎತ್ತಬಾರದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರವೆಂಬ ಸಹಾಯವಾಣಿಯೂ ಇದೆ. ಸಿಡಿಲಿನ ಸುಳಿವಿಗೆ ಪುಣೆಯ ವಿಜ್ಞಾನಿಗಳು ಮಾಡಿಕೊಟ್ಟ ದಾಮಿನಿ, ಬೇಸಾಯಗಾರರಿಗಾಗಿ 2019ರಲ್ಲಿ ಬಂದ ಮೇಘದೂತ, ಇವೆರಡೂ ಮೊಬೈಲಿನಲ್ಲಿ ದೊರೆಯುತ್ತವೆ. ಕಾಳಿದಾಸನ ಮೇಘನು ಯಕ್ಷನ ಸುದ್ದಿಯನ್ನು ಒಯ್ದನು. ಈ ಮೇಘದೂತನು ಮೇಘನ ಸುದ್ದಿಯನ್ನೇ ನಮಗೆ ತರುತ್ತಾನೆ. ಕವಿಯು ಕೇಳಿದ್ದರೆ ನಕ್ಕು ಸಂತೋಷಪಡುತ್ತಿದ್ದನೆಂದು ತೋರುತ್ತದೆ.

ಇವೆಲ್ಲ ಜಿಲ್ಲೆಯ, ಹೋಬಳಿಯ ಮಾತುಗಳು. ಶಿಖರದ ಮಾತನ್ನು ಶಿಖರವನ್ನೇ ನೋಡಿ ತಿಳಿಯಬೇಕು. ಕೆಲವು ವರ್ಷಗಳ ಕೆಳಗೆ, ಭರಣಿ ಮಳೆಯ ದಿನಗಳಲ್ಲಿ, ಒಂಬತ್ತು ವರ್ಷದ ಮೊಮ್ಮಗಳೊಡನೆ ಸರ್ಪದಾರಿ ಹಿಡಿದಿದ್ದೆವು. ಮಧ್ಯಾಹ್ನದ ಮೇಲೆ ಗುಡುಗುಂಟೆಂಬ ಸೂಚನೆಯಿದ್ದುದರಿಂದ ಬೆಳಕು ಹರಿಯುವಾಗಲೇ ಹೊರಟಿದ್ದೆವು. ಆದರೆ ಹತ್ತು ಗಂಟೆಯೂ ಆಗಿರಲಿಲ್ಲ. ಪಡುವಣದಲ್ಲಿ ಹೂಕೋಸಿನಂತೆ ಮೋಡಗಳು ಒಂದರ ಮೇಲೊಂದು ಉಬ್ಬತೊಡಗಿದುವು, ಅವುಗಳ ಬುಡ ಕಪ್ಪಾಯಿತು. ಮಿಂಚು ಕಂಡಿತು. ನಾವು ಎಣಿಸಿದೆವು, ಇಪ್ಪತ್ತಾರಕ್ಕೆ ಗುಡುಗು ಕೇಳಿಸಿತು. ಶಬ್ದವು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಗುವುದರಿಂದ ಸಿಡಿಲು ಒಂಬತ್ತು ಕಿಲೋಮೀಟರಿನೊಳಗೆ ಬಂದಿತ್ತು. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಬಯಲಿನಲ್ಲಿ ನಿಲ್ಲಬಾರದೆಂದು ತಿಳಿದವರು ಹೇಳುತ್ತಾರೆ. ಅಂಥ ಬೋಳುಗಿರಿಯಲ್ಲಿ ನೆಟ್ಟಗೆ ನಿಂತಿರುವುದು ಮನುಷ್ಯನೊಬ್ಬನೇ.

“ತಾತ, ಗುಡಿ ಅಗೋ ಅಲ್ಲೇ ಕಾಣಿಸುತ್ತದಲ್ಲ!” ಎಂದು ಮಗು ಅತ್ತಿತು. ಕೈಹಿಡಿದು ಇಳಿಸಿಕೊಂಡು ಬಂದೆವು. ಅಂದು ಆ ಮೋಡವು ಉತ್ತರಕ್ಕೆ ಸರಿದುಹೋಯಿತು. ನಮ್ಮನ್ನು ದಾಟಿ ಮೇಲೆ ಹೋಗಿದ್ದ ತರುಣರು ಒಣಬಟ್ಟೆಯಲ್ಲಿಯೇ ನಗುತ್ತ ಇಳಿದುಬಂದರು. ಮೊಮ್ಮಗಳು ಅವರನ್ನು ನೋಡಿ, ಆಮೇಲೆ ನಮ್ಮನ್ನು ನೋಡಿ, ಮುಖ ತಿರುಗಿಸಿಕೊಂಡಳು. ಮನೆ ಸೇರುವವರೆಗೆ ಮಾತಿಲ್ಲ. ಇನ್ನೊಮ್ಮೆ ಇಪ್ಪತ್ತಾರಕ್ಕೆ ಗುಡುಗಿದರೆ ಇನ್ನೊಮ್ಮೆಯೂ ಹಾಗೆಯೇ ಇಳಿಯುವೆವು. ಇದನ್ನು ಅವಳಿಗೂ ಹೇಳಿದ್ದೇವೆ, ಒಪ್ಪಿದಂತೆ ಕಾಣಲಿಲ್ಲ.

ಕುಟುಂಬದೊಡನೆ ಹೋಗುವವರಿಗೆ ಕಾರ್ತಿಕ ಕಳೆದ ಮೇಲಿನ ದಿನಗಳು ಪ್ರಶಸ್ತ. ಹುಲ್ಲು ಇನ್ನೂ ಹಸುರಾಗಿರುವುದು, ಸಿಡಿಲಿನ ಕಾಟ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಿರಿಯು ಬಹುಪಾಲು ಮುಸುಕಿನಲ್ಲಿಯೇ ಇರುತ್ತದೆ. ಭೂಕುಸಿತದ ಭಯವಿದ್ದಾಗ ಜಿಲ್ಲಾಡಳಿತವು ದಾರಿಯನ್ನು ಮುಚ್ಚುವುದೂ ಉಂಟು. ಯಾವ ಮಾಸದಲ್ಲಾದರೂ ಮಕ್ಕಳಿಗೊಂದು ಕಂಬಳಿಯೋ ಉಣ್ಣೆಯ ಅಂಗಿಯೋ ಚೀಲದಲ್ಲಿರಲಿ. ಮುನ್ಸೂಚನೆಯನ್ನು ಹಿಂದಿನ ರಾತ್ರಿ ಒಮ್ಮೆ, ಹೊರಡುವಾಗ ಒಮ್ಮೆ ನೋಡಿಕೊಳ್ಳತಕ್ಕದ್ದು; ಮೇಲೆ ಹೋದಂತೆ ಮೊಬೈಲಿಗೆ ಸಂಪರ್ಕ ದೊರೆತೀತೆಂಬ ಭರವಸೆಯಿಲ್ಲ. ಆಮೇಲೆ ಊರಿನ ಹೊರಗೆ, ಗಿರಿಯು ಪೂರ್ತಿಯಾಗಿ ಕಾಣುವ ಕಡೆ, ಗಾಡಿ ನಿಲ್ಲಿಸಿ ಕಾಲುಗಂಟೆ ಅದನ್ನು ನೋಡಿರಿ. ಶಾಲು ಮೇಲಕ್ಕೆ ಸರಿಯುತ್ತಿದ್ದರೆ ಹೊರಡಬಹುದು. ಕೆಳಕ್ಕೆ ಇಳಿಯುತ್ತಿದ್ದರೆ ಊರಿನಲ್ಲಿ ಒಳ್ಳೆಯ ಕಾಫಿ ಸಿಕ್ಕುತ್ತದೆ.