ಅಮಾವಾಸ್ಯೆಗೆ ಹೊರಟ ಪ್ರವಾಸ

ಪ್ರವಾಸಕ್ಕೆ ಬೆಳುದಿಂಗಳ ದಿನಗಳನ್ನು ಆರಿಸಿಕೊಳ್ಳುವುದು ಲೋಕದ ವಾಡಿಕೆ. ಹುಣ್ಣಿಮೆಯ ರಾತ್ರಿ ಮಹಾಬಲಿಪುರದ ಕಡಲತೀರದಲ್ಲಿ ಚಿತ್ರಾನ್ನ, ಮೊಸರನ್ನ ಉಂಡು ಬಂದವರು ನಮ್ಮ ಸಂಘದಲ್ಲಿ ಬಹಳ ಮಂದಿ. ಅಮಾವಾಸ್ಯೆಯನ್ನೇ ಹುಡುಕಿ, ಕತ್ತಲೆ ಎಲ್ಲಿ ಗಾಢವಾಗಿದೆಯೋ ಅಲ್ಲಿಗೆ ಹೆಂಡಿರು ಮಕ್ಕಳೊಡನೆ ಹೊರಟೆವೆಂದರೆ ವಾಚಕರು ನಕ್ಕಾರು. ಆದರೂ ನಾವು ಮೂರು ಕುಟುಂಬದವರು ಕಳೆದ ವರ್ಷ ಹೀಗೆಯೇ ಹೊರಟೆವು. ಏಕೆಂಬುದನ್ನು ಮೊದಲು ಅರಿಕೆಮಾಡುತ್ತೇವೆ.

ದೇವಸ್ಥಾನದಲ್ಲಿ ಅರ್ಚಕರು ಕೇಳಿದೊಡನೆ ನಮ್ಮ ಮಕ್ಕಳು ಗೋತ್ರ, ನಕ್ಷತ್ರ, ರಾಶಿಗಳನ್ನು ಮನೆಯ ವಿಳಾಸದಂತೆ ಒಪ್ಪಿಸುತ್ತವೆ. "ನನ್ನದು ಕೃತ್ತಿಕಾ", "ನನ್ನದು ಅನೂರಾಧಾ" ಎನ್ನುತ್ತವೆ. ಆದರೆ ಆ ಕೃತ್ತಿಕೆ ಆಕಾಶದಲ್ಲಿ ಎಲ್ಲಿದೆ ಎಂದರೆ ಮಕ್ಕಳಿಗೂ ತಿಳಿಯದು, ಅಪ್ಪಂದಿರಿಗೂ ತಿಳಿಯದು. ಮದುವೆಯಲ್ಲಿ ಅರುಂಧತಿಯನ್ನು ತೋರಿಸುವ ಶಾಸ್ತ್ರವಂತೂ ಹಗಲು ಹನ್ನೊಂದು ಗಂಟೆಗೆ, ಕಲ್ಯಾಣಮಂಟಪದ ಸೂರಿನ ಕಡೆ ಬೆರಳು ಮಾಡಿ ಮುಗಿಯುತ್ತದೆ. ರಾತ್ರಿ ತೋರಿಸಹೊರಟರೂ ಚೆನ್ನೈಯ ದೀಪಗಳ ನಡುವೆ ವಸಿಷ್ಠ ಕಂಡಾನು, ಅರುಂಧತಿ ಕಾಣುವುದು ಕಷ್ಟ. ಕಪ್ಪು ಆಕಾಶದಲ್ಲಿ ಬರಿಗಣ್ಣಿಗೆ ಏಕಕಾಲಕ್ಕೆ ಎರಡು ಮೂರು ಸಾವಿರ ನಕ್ಷತ್ರಗಳು ತೋರುತ್ತವೆ. ನಮ್ಮ ಮನೆಯ ಮಾಳಿಗೆಯಿಂದ ಮಕ್ಕಳು ಎಣಿಸಿದಾಗ ಐವತ್ತು ಮುಟ್ಟಲಿಲ್ಲ.

ಈ ಊರಿನ ಆಕಾಶ ಹಿಂದೆ ಹೀಗಿರಲಿಲ್ಲ. ನುಂಗಂಬಾಕ್ಕಂನಲ್ಲಿ ೧೭೯೨ರಲ್ಲೇ ಖಗೋಳ ವೀಕ್ಷಣಾಲಯವೊಂದು ಎದ್ದಿತ್ತು. ಅದರ ದೂರದರ್ಶಕವನ್ನು ಹೊತ್ತಿದ್ದ ಗ್ರಾನೈಟ್ ಕಂಬ ಇಂದಿಗೂ ಅಲ್ಲಿನ ಹವಾಮಾನ ಕೇಂದ್ರದ ಆವರಣದಲ್ಲಿದೆ. ಅಲ್ಲಿ ಕೆಲಸಮಾಡಿದ ಚಿಂತಾಮಣಿ ರಘುನಾಥಾಚಾರ್ಯರು ೧೮೬೭ರಲ್ಲಿ, ಬೆಳಕು ಏರಿಳಿಯುವ ಹೊಸ ನಕ್ಷತ್ರವೊಂದನ್ನು ಗುರುತಿಸಿ ಹೆಸರಾದರು. ೧೮೭೪ರ ಡಿಸೆಂಬರಿನಲ್ಲಿ ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾಯುವುದಿತ್ತು. ಜನ ಬೆದರದೆ ವಿಷಯವನ್ನು ತಿಳಿದುಕೊಳ್ಳಲೆಂದು ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಹೊರಬಂದಿತು. ಮದರಾಸಿನ ಆಕಾಶದ ವಿದ್ಯೆ ನೂರೈವತ್ತು ವರ್ಷಗಳ ಹಿಂದೆಯೇ ಕನ್ನಡ ಮಾತನಾಡಿತ್ತೆಂಬುದು ಇಲ್ಲಿ ನೆಲಸಿದ ನಮಗೆ ಸಂತೋಷದ ಸಂಗತಿ.

ಇನ್ನು ಪ್ರವಾಸದ ಲೆಕ್ಕಾಚಾರ. ಕಚೇರಿಯಲ್ಲಿ ಕಡತ ಹೊರಳಿಸುವವರಾದ ನಮಗೆ ಯಾವುದನ್ನೂ ಪಟ್ಟಿಮಾಡದೆ ನಡೆಸಿ ಅಭ್ಯಾಸವಿಲ್ಲ. ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಮುಂದಿಟ್ಟುಕೊಂಡು ಕುಳಿತೆವು.

ಮೊದಲನೆಯದು ಚಂದ್ರನ ವಿಚಾರ. ಕೃಷ್ಣಪಕ್ಷದ ಅಷ್ಟಮಿ ಕಳೆದ ಮೇಲೆ ಚಂದ್ರ ನಡುರಾತ್ರಿಯ ನಂತರವೇ ಹುಟ್ಟುತ್ತಾನೆ. ಶುಕ್ಲಪಕ್ಷದ ತದಿಗೆಯವರೆಗೆ ಬೇಗನೆ ಮುಳುಗುತ್ತಾನೆ. ಈ ಹತ್ತು ದಿನಗಳ ಒಳಗೆ ಬರುವ ಶನಿವಾರವೇ ನಮ್ಮಂಥವರಿಗೆ ಮುಹೂರ್ತ. ಎರಡನೆಯದು ಮೋಡ. ಚೆನ್ನೈಗೆ ಹಿಂಗಾರು ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಒಳನಾಡಿನ ಬೆಟ್ಟಗಳಿಗೆ ಮುಂಗಾರೂ ಉಂಟು. ಆದ್ದರಿಂದ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಈ ಎರಡನ್ನೂ ಕೂಡಿಸಿ ನೋಡಿದರೆ ಮಾಘ ಬಹುಳ ಚತುರ್ದಶಿ, ಅಂದರೆ ಶಿವರಾತ್ರಿ, ಬಲು ಸೊಗಸಾಗಿ ಹೊಂದುತ್ತದೆ. ಹಿರಿಯರು ಜಾಗರಣೆ ಮಾಡುತ್ತಿದ್ದ ಆ ರಾತ್ರಿ ಬಾನೂ ತಿಳಿ, ಚಂದ್ರನೂ ಇಲ್ಲ. ನಾವು ಆಸುಪಾಸಿನ ಶನಿವಾರವನ್ನು ಗೊತ್ತುಮಾಡಿದೆವು. "ಅಮಾವಾಸ್ಯೆ ಹತ್ತಿರ ಬಂತು, ಈಗ ಪ್ರಯಾಣವೇ?" ಎಂದು ಮನೆಯ ಹಿರಿಯರು ಆಕ್ಷೇಪಿಸಿದರು. ನಮ್ಮ ತಮಿಳು ನೆರೆಯವರಿಗೆ ಅಮಾವಾಸ್ಯೆ ಶುಭದಿನವೆಂದು ನೆನಪಿಸಿ, ಇರುವ ನಾಡಿನ ಶಾಸ್ತ್ರವನ್ನು ಮುಂದೊಡ್ಡಿ ಪಾರಾದೆವು.

ಮೂರನೆಯದು ಸ್ಥಳ. ಬೆಂಗಳೂರಿಗೆ ಹೋಗುವಾಗಲೆಲ್ಲ ನಾವು ವಾಣಿಯಂಬಾಡಿ, ಜೋಲಾರ್‌ಪೇಟೆಗಳನ್ನು ದಾಟುತ್ತೇವೆ. ಕಾಫಿಗೆ ಕೈ ಚಾಚುವುದಷ್ಟೇ ಅಲ್ಲಿ ನಮ್ಮ ಕೆಲಸ. ರೈಲಿನ ಎಡಗಿಟಕಿಯಲ್ಲಿ ಕಾಣುವ ಬೆಟ್ಟಗಳ ಹೆಸರನ್ನು ಕೇಳಿದವರಿಲ್ಲ. ಅವು ಏಲಗಿರಿ ಮತ್ತು ಜವ್ವಾದು ಬೆಟ್ಟಗಳು. ಚೆನ್ನೈಯಿಂದ ಸುಮಾರು ೨೦೦ ಕಿಲೋಮೀಟರ್ ಪಯಣಿಸಿ ವಾಣಿಯಂಬಾಡಿಯಲ್ಲಿಳಿದು, ಆಲಂಗಾಯಂ ಮಾರ್ಗವಾಗಿ ಜವ್ವಾದು ಬೆಟ್ಟ ಹತ್ತಿದರೆ ಕಾವಲೂರು. ಕತ್ತಲೆಯ ಆಕಾಶವನ್ನು ಅರಸಿ ವೇಣು ಬಾಪು ಅವರು ಆರಿಸಿದ ಸ್ಥಳವಿದು. ಇಲ್ಲಿ ೧೯೬೮ರಲ್ಲಿ ಒಂದು ಸಣ್ಣ ದೂರದರ್ಶಕ, ೧೯೭೨ರಲ್ಲಿ ಒಂದು ಮೀಟರ್ ಅಗಲದ ಕನ್ನಡಿಯದು, ೧೯೮೬ರಲ್ಲಿ ೨.೩೪ ಮೀಟರಿನದು ಬಂದವು. ಯುರೇನಸ್ ಗ್ರಹಕ್ಕೆ ಬಳೆಗಳುಂಟೆಂಬ ಸುಳಿವು ೧೯೭೭ರ ಮಾರ್ಚಿಯಲ್ಲಿ ದೊರೆತ ಕೆಲವೇ ತಾಣಗಳಲ್ಲಿ ಇದೂ ಒಂದು. ವೀಕ್ಷಣಾಲಯಕ್ಕೆ ಈಗ ಬಾಪು ಅವರದೇ ಹೆಸರು. ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಸಾರ್ವಜನಿಕರಿಗೆ ಯಾವ ದಿನ, ಯಾವ ಹೊತ್ತು ಪ್ರವೇಶವೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಬೆಳಗಿನ ರೈಲು ಹಿಡಿದು ಹೊರಟ ನಾವು ಹನ್ನೊಂದು ಮಂದಿ. ವಾಣಿಯಂಬಾಡಿಯಲ್ಲಿ ವ್ಯಾನು ಗೊತ್ತುಮಾಡಿ, ಮಧ್ಯಾಹ್ನ ಕಾವಲೂರಿನ ಬಿಳಿಯ ಗುಮ್ಮಟಗಳನ್ನು ನೋಡಿದೆವು. ರಾತ್ರಿಗೆ ಏಲಗಿರಿಯ ಅಂಚಿನಲ್ಲಿ ಒಂದು ಸಣ್ಣ ವಸತಿಗೃಹ. ಕಾವಲುಗಾರನಿಗೆ ಬಂದ ಕಾರಣ ತಿಳಿಸಿ, ಹೊರಗಿನ ದೀಪಗಳನ್ನು ಆರಿಸಲು ಕೇಳಿಕೊಂಡೆವು. "ದೀಪ ಹಾಕಿರೆಂದು ಜಗಳವಾಡುವವರನ್ನು ಕಂಡಿದ್ದೇನೆ, ಆರಿಸಿರೆನ್ನುವವರು ನೀವೇ ಮೊದಲು" ಎಂದು ಅವನು ತಮಿಳಿನಲ್ಲಿ ನಕ್ಕು ಗುಂಡಿ ಒತ್ತಿದ.

ಸೂರ್ಯ ಮುಳುಗಿದ ಮೇಲೂ ಪೂರ್ತಿ ಕತ್ತಲಾಗಲು ಒಂದೂಕಾಲು ಗಂಟೆ ಹಿಡಿಯುತ್ತದೆ. ಕತ್ತಲೆಗೆ ಕಣ್ಣು ಪಳಗಲು ಮತ್ತೆ ಅರ್ಧ ಗಂಟೆ. ನಡುವೆ ಒಬ್ಬರು ಮೊಬೈಲು ತೆರೆದರೂ ಆವರೆಗಿನ ತಪಸ್ಸು ವ್ಯರ್ಥ. ಆದ್ದರಿಂದ ಮೊಬೈಲುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆವು. ಟಾರ್ಚಿಗೆ ಕೆಂಪು ಕಾಗದ ಸುತ್ತಿದೆವು. ಜಮಖಾನ ಹಾಸಿ, ಶಾಲು ಹೊದ್ದು ಅಂಗಾತ ಮಲಗಿದೆವು.

ತಲೆಯ ಮೇಲಿಂದ ಪಡುವಣಕ್ಕೆ ವಾಲಿದಂತೆ ರೋಹಿಣಿ ಕೆಂಪಗೆ ಹೊಳೆಯುತ್ತಿತ್ತು. ಅದರಾಚೆ ಹಿಡಿಯಷ್ಟು ಮುತ್ತು ಚೆಲ್ಲಿದಂತೆ ಕೃತ್ತಿಕೆ. ಆ ನಕ್ಷತ್ರದಲ್ಲಿ ಹುಟ್ಟಿದ ಹತ್ತು ವರ್ಷದ ಹುಡುಗಿ ಎರಡು ಸಲ ಎಣಿಸಿ, "ಆರೇ ಇವೆ" ಎಂದಳು. ನೆಟ್ಟನೆ ನೋಡದೆ ತುಸು ಪಕ್ಕಕ್ಕೆ ನೋಡೆಂದು ಹೇಳಿದ ಮೇಲೆ ಏಳನೆಯದೂ ಸಿಕ್ಕಿತು. ದಕ್ಷಿಣದಲ್ಲಿ ಅಗಸ್ತ್ಯ, ಉತ್ತರದಲ್ಲಿ ಬೆಟ್ಟದ ಅಂಚಿಗಿಂತ ಸ್ವಲ್ಪವೇ ಮೇಲೆ ಧ್ರುವ. ಹನ್ನೊಂದರ ಹೊತ್ತಿಗೆ ಈಶಾನ್ಯದಲ್ಲಿ ಸಪ್ತರ್ಷಿಗಳೆಲ್ಲ ಎದ್ದುನಿಂತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಗಳಾದ ಮೇಲೆ ನಮ್ಮ ಮನೆಯಾಕೆ ವಸಿಷ್ಠನ ಮಗ್ಗುಲಲ್ಲಿ ಅರುಂಧತಿಯನ್ನು ನಿಜವಾಗಿ ಕಂಡರು. ಪುರೋಹಿತರ ಬಾಕಿಯೊಂದು ತೀರಿದಂತಾಯಿತು.

ನಮ್ಮ ಜೊತೆಯಲ್ಲಿ ಚಿತ್ರದುರ್ಗದ ಕಡೆಯ ಅಜ್ಜಿಯೊಬ್ಬರಿದ್ದರು. ಬೇಸಾಯದ ಮನೆಯವರು. ಅಶ್ವಿನಿಯಿಂದ ಹಿಡಿದು ಮಳೆನಕ್ಷತ್ರಗಳೆಲ್ಲ ಅವರಿಗೆ ಬಾಯಿಪಾಠ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಗಾದೆ ಹೇಳಿ, "ಇದೇ ಏನಪ್ಪಾ ಆ ರೋಹಿಣಿ? ಮಳೆಗಾಲದಲ್ಲಿ ಇದು ಎಲ್ಲಿರ್ತದೆ?" ಎಂದು ಕೇಳಿದರು. ಸೂರ್ಯ ಯಾವ ನಕ್ಷತ್ರದಲ್ಲಿ ಇರುವನೋ ಅದರ ಹೆಸರೇ ಆ ಮಳೆಗೆ. ಮೇ ಕೊನೆಯಿಂದ ಹದಿಮೂರು ಹದಿನಾಲ್ಕು ದಿನ ಅವನು ರೋಹಿಣಿಯಲ್ಲಿ ಇರುತ್ತಾನೆ. ಆಗ ಅವನ ಬೆಳಕಿನಲ್ಲಿ ಅದು ಅಡಗಿಹೋಗುವುದರಿಂದ ಆರು ತಿಂಗಳು ಬಿಟ್ಟು ನೋಡಬೇಕೆಂದು ವಿವರಿಸಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೋಡ ಮುಚ್ಚಿರ್ತದೆ, ಅದಕ್ಕೇ ಕಾಣಲ್ಲ ಅಂದ್ಕೊಂಡಿದ್ದೆ" ಎಂದರು. ಎಪ್ಪತ್ತು ಮಳೆಗಾಲ ಕಂಡವರ ಮಾತು.

ಇದೇ ನಮ್ಮ ಮಕ್ಕಳ ಜನ್ಮನಕ್ಷತ್ರ ಹುಡುಕುವ ಸೂತ್ರವೂ ಹೌದು. ಮಳೆಯ ಪಟ್ಟಿಯಿಂದ ಆರು ತಿಂಗಳು ಎಣಿಸಿದರೆ ಆ ನಕ್ಷತ್ರ ರಾತ್ರಿಯಿಡೀ ಕಾಣುವ ಕಾಲ ಸಿಗುತ್ತದೆ. ಅನೂರಾಧೆಯ ಹುಡುಗನಿಗೆ ಅದು ಮೇ ತಿಂಗಳು. ಅಷ್ಟು ಕಾಯಲಾರದೆ ಅವನು ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿಕೊಂಡು ಆಗ್ನೇಯದಲ್ಲಿ ನೋಡಿದ. ಅವನ ಪುಣ್ಯಕ್ಕೆ, ಕೊಂಚ ಹೊತ್ತಿನಲ್ಲೇ ಅದರ ಕೆಳಗೆ ಆಕಾಶಗಂಗೆಯ ದಟ್ಟವಾದ ಭಾಗವೂ ಎದ್ದುಬಂದಿತು. ಮಲಗಿದ್ದವರನ್ನೆಲ್ಲ ಅವನೇ ಎಬ್ಬಿಸಿದ.

ಲಡಾಖಿನ ಹಾನ್ಲೆಯಲ್ಲಿ ೨೦೨೨ರಲ್ಲಿ ಸರ್ಕಾರವೇ ಕತ್ತಲೆಯನ್ನು ಕಾಯಲು ಕಾದಿಟ್ಟ ಪ್ರದೇಶವೊಂದನ್ನು ಗೊತ್ತುಮಾಡಿತು. ಕಾಡನ್ನು, ಕೆರೆಯನ್ನು ಕಾಪಾಡುವಂತೆ ಕತ್ತಲೆಯನ್ನೂ ಕಾಪಾಡಬೇಕಾದ ಕಾಲ ಬಂದಿದೆ. ಹಾನ್ಲೆಗೆ ಹೋಗುವ ಶಕ್ತಿ ನಮಗಿಲ್ಲ. ಜವ್ವಾದು ಬೆಟ್ಟದ ಕಡೆಗೆ ರೈಲು ದಿನಾಲೂ ಇದೆ. ಆ ಬೆಟ್ಟಗಳ ಸುತ್ತಲೂ ದೀಪಗಳು ಹೆಚ್ಚುತ್ತಿರುವುದರಿಂದ, ಹೋಗುವವರು ತಡಮಾಡಬಾರದು.

ಈ ಸಲ ಮೇ ಕೊನೆಯಲ್ಲಿ ಅಜ್ಜಿ ಊರಿನಿಂದ ಫೋನು ಮಾಡಿ, ರೋಹಿಣಿ ಮಳೆ ಹದವಾಗಿ ಬಿತ್ತೆಂದು ತಿಳಿಸಿದರು. ಫೋನು ಹಿಡಿದಿದ್ದ ಹುಡುಗಿ ಕಿಟಕಿಯಾಚೆಯ ಸುಡುಬಿಸಿಲನ್ನು ನೋಡಿ, "ಹೌದಜ್ಜಿ, ಈಗ ಅದು ಸೂರ್ಯನ ಹಿಂದೆ ಇದೆ" ಎಂದಳು.