ಬಚ್ಚಿಟ್ಟ ಎರಡು ಮಾತ್ರೆಗಳು

ಶಿವಾಜಿನಗರದ ಗೋಷಾ ಆಸ್ಪತ್ರೆಯನ್ನು ಹಾಜಿ ಸರ್ ಇಸ್ಮಾಯಿಲ್ ಸೇಠರು ಕಟ್ಟಿಸಿಕೊಟ್ಟರು. ಪರ್ದಾ ಪಾಲಿಸುವ ಸ್ತ್ರೀಯರು ಸಂಕೋಚವಿಲ್ಲದೆ ಚಿಕಿತ್ಸೆ ಪಡೆಯಲೆಂಬ ಉದ್ದೇಶವು ಅದರ ಹೆಸರಿನಲ್ಲೇ ಇದೆ. ಸಂಕೋಚವನ್ನು ಗೌರವಿಸುವುದು ಬೇರೆ, ಅದನ್ನು ಮೌನವಾಗಿಸುವುದು ಬೇರೆ. ಇಂದಿಗೂ ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮ್ಮ ಕೆಲವು ಸಹೋದರಿಯರು ಖಿನ್ನತೆಯ ಮಾತ್ರೆಯನ್ನು ಅತ್ತೆಯಿಂದಲೂ ಗರ್ಭನಿರೋಧಕ ಮಾತ್ರೆಯನ್ನು ಎಲ್ಲರಿಂದಲೂ ಬಚ್ಚಿಟ್ಟು ಸೇವಿಸುತ್ತಾರೆ. ಮನೋವೈದ್ಯರಿಗೆ ಎರಡನೆಯದು ತಿಳಿಯದು, ಸ್ತ್ರೀರೋಗ ತಜ್ಞೆಗೆ ಮೊದಲನೆಯದು ತಿಳಿಯದು.

ಇಂದು ಹೆಚ್ಚಾಗಿ ಬರೆದುಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಮಾತ್ರೆಗಳು ಗರ್ಭನಿರೋಧಕದ ಶಕ್ತಿಯನ್ನು ಕುಗ್ಗಿಸುವುದಿಲ್ಲ. ಆದ್ದರಿಂದ ಭಯಪಟ್ಟು ಯಾವುದನ್ನೂ ಥಟ್ಟನೆ ನಿಲ್ಲಿಸಬಾರದು. ಆರಂಭದ ದಿನಗಳಲ್ಲಿ ವಾಂತಿಯಾಗುವುದುಂಟು. ಗರ್ಭನಿರೋಧಕ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಅದು ದೇಹಕ್ಕೆ ಸೇರಿಲ್ಲವೆಂದೇ ಭಾವಿಸಬೇಕು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಗಳ ಪ್ರಮಾಣವು ಗರ್ಭನಿರೋಧಕದ ಜೊತೆಗೆ ರಕ್ತದಲ್ಲಿ ಏರಬಹುದು.

ನಿಜವಾದ ಅಪಾಯವಿರುವುದು 'ಗಿಡಮೂಲಿಕೆ ತಾನೇ' ಎಂದು ನಂಬುವ ಕಡೆ. ಖಿನ್ನತೆಗೆಂದು ಆನ್‌ಲೈನಿನಲ್ಲಿ ಮಾರಾಟವಾಗುವ ಸೇಂಟ್ ಜಾನ್ಸ್ ವರ್ಟ್ ಯಕೃತ್ತನ್ನು ಚುರುಕುಗೊಳಿಸಿ ಗರ್ಭನಿರೋಧಕದ ಹಾರ್ಮೋನುಗಳನ್ನು ಬೇಗನೆ ಒಡೆದುಹಾಕುತ್ತದೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಕಾರ್ಬಮಜೆಪಿನ್ ಸಹ ಹಾಗೆಯೇ. ಅದರಿಂದ ಗರ್ಭ ನಿಂತರೆ ಶಿಶುವಿಗೂ ಹಾನಿಯಾಗುವ ಸಂಭವವಿದೆ. ಲ್ಯಾಮೋಟ್ರಿಜಿನ್ ಸೇವಿಸುವವರಲ್ಲಿ ಇದು ತಿರುಗುಮುರುಗು: ಈಸ್ಟ್ರೋಜನ್ ಇರುವ ಮಾತ್ರೆ ಆ ಔಷಧದ ಮಟ್ಟವನ್ನೇ ಅರ್ಧದಷ್ಟು ಇಳಿಸಬಲ್ಲದು, ಕಾಯಿಲೆ ಮರಳಬಹುದು. ಇಂಥವರಿಗೆ ತಾಮ್ರದ ಕಾಪರ್-ಟಿ ಸುರಕ್ಷಿತ ದಾರಿ. ಯಾವ ಮಾತ್ರೆಯೂ ಅದನ್ನು ಕೆಡಿಸದು.

2016ರಲ್ಲಿ ಡೆನ್ಮಾರ್ಕಿನ ಹತ್ತು ಲಕ್ಷಕ್ಕೂ ಹೆಚ್ಚು ಸ್ತ್ರೀಯರ ಅಧ್ಯಯನವೊಂದು, ಹಾರ್ಮೋನು ಗರ್ಭನಿರೋಧಕ ಬಳಸುವವರು ಖಿನ್ನತೆಯ ಚಿಕಿತ್ಸೆ ಪಡೆಯುವ ಸಂಭವ ತುಸು ಹೆಚ್ಚೆಂದು ಕಂಡಿತು. ಕಾರಣ ಮಾತ್ರೆಯೇ ಎಂದು ಅದರಿಂದ ಸಿದ್ಧವಾಗಲಿಲ್ಲ. ಆದರೆ ಮಾತ್ರೆ ಆರಂಭಿಸಿದ ಮೇಲೆ ಮನಸ್ಸು ಕುಸಿದರೆ ಅದನ್ನು 'ಈಮಾನಿನ ಕೊರತೆ' ಎಂದು ಬೈಯುವ ಮುನ್ನ ವೈದ್ಯರನ್ನು ಕೇಳುವುದು ನ್ಯಾಯ.

ದೀನ್ ಇದಕ್ಕೆ ಅಡ್ಡಿಯೇ? ಪ್ರವಾದಿ(ಸ)ಯವರ ಕಾಲದಲ್ಲಿ ಕುರ್‌ಆನ್ ಅವತೀರ್ಣವಾಗುತ್ತಿದ್ದಾಗಲೇ ಸಹಾಬಿಗಳು ಅಝ್ಲ್ ಪಾಲಿಸುತ್ತಿದ್ದರೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಅದಕ್ಕೆ ಪತ್ನಿಯ ಸಮ್ಮತಿ ಬೇಕೆಂದು ಅನೇಕ ಫುಕಹಾಗಳು ಹೇಳಿದ್ದಾರೆ. ಹೆರಿಗೆಯಿಂದ ಅವಳ ಜೀವಕ್ಕೆ ಅಪಾಯವೆಂಬ ಭಯವನ್ನು ಇಮಾಮ್ ಗಝ್ಝಾಲಿಯವರು ಸಕಾರಣವೆಂದೇ ಗಣಿಸಿದರು. ಅವಳ ಸಮ್ಮತಿಗೆ ಇಷ್ಟು ಬೆಲೆಯಿದ್ದ ಮೇಲೆ ಅವಳ ಮಾತ್ರೆ ಅಡಗಿರಬೇಕಾದ ಅಗತ್ಯವೇನು?

ರಮಝಾನಿನಲ್ಲಿ ಉಪವಾಸಕ್ಕಾಗಿ ಮಾತ್ರೆ ಬಿಡಬೇಕಿಲ್ಲ, ಎರಡನ್ನೂ ಇಶಾ ನಮಾಝಿನ ನಂತರದ ಒಂದೇ ಹೊತ್ತಿಗೆ ಹೊಂದಿಸಬಹುದು. ಮುಟ್ಟನ್ನು ಮುಂದೂಡಲು ಮೆಡಿಕಲ್ ಅಂಗಡಿಯಿಂದ ತರುವ ಗುಳಿಗೆಯೂ ಹಾರ್ಮೋನೇ, ಅದನ್ನೂ ವೈದ್ಯರಿಗೆ ಹೇಳಬೇಕು. ಮುಂದಿನ ಭೇಟಿಗೆ ಎಲ್ಲ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಒಯ್ಯುವುದು ಸಾಕು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಕನ್ನಡದಲ್ಲಿ, ಉಚಿತವಾಗಿ, ರಾತ್ರಿಯೂ ಉತ್ತರಿಸುತ್ತದೆ.