ಸರ ತಪ್ಪಿದ ಪಾವಲಿ

ಚಳ್ಳಕೆರೆಯನ್ನು ಬಿಟ್ಟು ಮೊಳಕಾಲ್ಮೂರಿನ ಕಡೆಗೆ ಹೊರಟಾಗ ನಮ್ಮ ಜೇಬಿನಲ್ಲಿ ಬೆಳ್ಳಿಯ ಹಳೆಯ ನಾಣ್ಯವೊಂದಿದ್ದಿತು. ಹಿಂದೆ ಆ ಸೀಮೆಯಲ್ಲಿ ಉಪಾಧ್ಯಾಯರಾಗಿದ್ದಾಗ ಬ್ರಹ್ಮಗಿರಿಯ ಆಸುಪಾಸಿನ ಊರಿನ ಬಾಲಕನೊಬ್ಬನು, ಹೊಲದಲ್ಲಿ ಸಿಕ್ಕಿತೆಂದು ಹೇಳಿ, ಅದನ್ನು ತಂದುಕೊಟ್ಟಿದ್ದನು. ಅವನಿಗೊಂದು ನೋಟುಪುಸ್ತಕವನ್ನು ಕೊಟ್ಟು ನಾವು ಕೃತಾರ್ಥರಾದೆವು. ಯಾವ ಹೊಲವೆಂದು ಮಾತ್ರ ಬರೆದಿಡಲಿಲ್ಲ.

ನಾಣ್ಯದ ಮೇಲೆ ಸವೆದ ಪುರುಷಶಿರಸ್ಸು. ಅದನ್ನು ಕಂಡು ನಮಗೆ ರೋಮಕ ಚಕ್ರವರ್ತಿಗಳು ನೆನಪಾದುದು ಕೇವಲ ದುರಾಶೆಯಿಂದಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ದಿನಾರಗಳು ದೊರೆತಿರುವುವು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮಹಾಶಯರು ಚಂದ್ರವಳ್ಳಿಯನ್ನೂ ಬ್ರಹ್ಮಗಿರಿಯನ್ನೂ ಅಗೆಯಿಸಿದಾಗ, ಮಣ್ಣಿನ ಯಾವ ಪದರದಲ್ಲಿ, ಎಂತಹ ಮಡಕೆಚೂರುಗಳೊಡನೆ ನಾಣ್ಯವಿದ್ದಿತೆಂಬುದನ್ನು ಗುರುತಿಸಿದರು. ಅದರಿಂದಲೇ ಬ್ರಹ್ಮಗಿರಿಯಲ್ಲಿ ಸಿಕ್ಕಿದ ಅಂತಹವೇ ಮಡಕೆಗಳಿಗೂ ಕಾಲನಿರ್ಣಯವು ಸಾಧ್ಯವಾಯಿತು. ನಮ್ಮ ನಾಣ್ಯಕ್ಕೂ ನೆಲೆಯೊಂದು ಸಿಕ್ಕಿದರೆ! ಇಳಿವಯಸ್ಸಿನಲ್ಲಿ ನಮ್ಮನ್ನು ಹೊರಡಿಸಿದ ಆಸೆ ಅದೇ.

ಮೊಳಕಾಲ್ಮೂರಿನ ರೇಷ್ಮೆಸೀರೆಗಳ ವಿಷಯವನ್ನು ವಾಚಕರು, ವಿಶೇಷವಾಗಿ ಗೃಹಿಣಿಯರು, ನಮಗಿಂತ ಚೆನ್ನಾಗಿ ಬಲ್ಲರು. ನಾವು ನೇರವಾಗಿ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋದೆವು. ತೂಕ ಮೂರು ಗ್ರಾಮಿಗೂ ಕಡಮೆ. ದಿನಾರವಾದರೋ ನಾಲ್ಕು ಗ್ರಾಮಿನ ಸಮೀಪವಿರಬೇಕು. ಹಿಂಬದಿಯಲ್ಲಿ ಎಲೆಗಳ ಮಾಲೆ, ಅದರ ಕೆಳಗೆ ಮಸುಕಾಗಿ 1835.

“ಕುಂಪಣಿ ಕಾಲದ ಪಾವಲಿ, ಸ್ವಾಮಿ. ಇಲ್ಲಿ ನೋಡಿ, ಬಳೆ ಬೆಸೆದ ಗುರುತು. ಯಾರದೋ ಸರದಿಂದ ಕಿತ್ತದ್ದು,” ಎಂದರು ಅವರು.

ಟೈಬೀರಿಯಸನು ಹೋಗಿ ಇಂಗ್ಲೆಂಡಿನ ನಾಲ್ಕನೆಯ ವಿಲಿಯಂ ದೊರೆ ಬಂದನು! ಜರ್ಮನ್ ದೇಶದ ದೊಡ್ಡ ಬೆಳ್ಳಿನಾಣ್ಯಗಳಾದ ಟಾಲರುಗಳನ್ನು ಕೂಡಿಹಾಕುವವರು ಅಂಚಿನಲ್ಲಿ ಇಂತಹ ಬೆಸುಗೆಯ ಕಲೆಯಿದ್ದರೆ ಬೆಲೆ ಇಳಿಸುವರೆಂದು ಓದಿದ್ದೆವು. ಆ ಟಾಲರಿನಿಂದಲೇ ಡಾಲರೆಂಬ ಹೆಸರು ಹುಟ್ಟಿತು. ಇಷ್ಟನ್ನೆಲ್ಲ ಓದಿದ್ದ ನಾವು ಕೈಯಲ್ಲಿದ್ದ ಕಲೆಯನ್ನೇ ನೋಡಿರಲಿಲ್ಲ.

ಮಾರನೆಯ ದಿನ ಬ್ರಹ್ಮಗಿರಿಯ ಅಶೋಕಶಾಸನವನ್ನು ನೋಡಿದೆವು. 1892ರಲ್ಲಿ ರೈಸ್ ಮಹಾಶಯರು ಬೆಳಕಿಗೆ ತಂದ ಆ ಬಂಡೆಯ ಮುಂದೆ ನಿಂತರೂ ಮನಸ್ಸು ಜೇಬಿನಲ್ಲಿಯೇ ಇದ್ದಿತು. ಬಳಿಕ ಆ ಊರಿಗೆ ಹೋದೆವು. ಶಿಷ್ಯನು ಬಳ್ಳಾರಿಯಲ್ಲಿ ನೌಕರಿಯಲ್ಲಿರುವನಂತೆ. ಮನೆಯಲ್ಲಿ ಅವನ ವೃದ್ಧಮಾತೆಯೊಬ್ಬರೇ ಇದ್ದರು. ನಾಣ್ಯವನ್ನು ಅಂಗೈಯಲ್ಲಿಟ್ಟೊಡನೆ ಆಕೆ ಹೆಬ್ಬೆರಳಿನಿಂದ ಬೆಸುಗೆಯ ಗುರುತನ್ನು ಮುಟ್ಟಿ ನೋಡಿದರು.

“ಇದು ನಮ್ಮತ್ತೆ ಸರದ ಪಾವಲಿ ಮೇಷ್ಟ್ರೇ. ನಾನೇ ಕಿತ್ತು ತವರಿಗೆ ಕೊಟ್ಟೆ ಅಂತ ಅತ್ತೆ ಸಾಯೋತನಕ ಅಂತಿದ್ರು.”

ನಮಗೆ ಉತ್ತರ ತೋಚಲಿಲ್ಲ. ಹೊಲದ ಮಾತನ್ನು ಎತ್ತಲೂ ಇಲ್ಲ. ಹುಡುಗನು ಚಿಕ್ಕವನಾಗಿದ್ದನು, ವಿಚಾರಿಸದೆ ತೆಗೆದುಕೊಂಡ ತಪ್ಪು ನಮ್ಮದು ಎಂದಷ್ಟೇ ಹೇಳಿದೆವು. ಆಕೆ ಪಾವಲಿಯನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು, ಗೋಡೆಯ ಮೇಲಿದ್ದ ಅತ್ತೆಯ ಪಟದ ಕಡೆಗೆ ಸ್ವಲ್ಪ ಹೊತ್ತು ನೋಡುತ್ತಿದ್ದು, ಆಮೇಲೆ ನಮಗೆ ಮಜ್ಜಿಗೆ ತರಲು ಒಳಗೆ ಹೋದರು.